ಅಂಗಳದ ಚುಕ್ಕಿ ಪರದೆಗೆ ಬಂದ ಬಗೆ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಅಜ್ಜಂಪುರ ದಾಟಿದರೆ ಸಿಗುವ ನಿಲ್ದಾಣ ಶಿವನಿ. ಪಶ್ಚಿಮಕ್ಕೆ ತರೀಕೆರೆಯ ಮಲೆನಾಡ ಸೆರಗು, ಪೂರ್ವಕ್ಕೆ ಹೊಸದುರ್ಗದ ಬಯಲು. ನಡುವಿನ ಈ ಸೀಮೆಯಲ್ಲಿ ಅಂಗಳ ಸಾರಿಸಿ ರಂಗೋಲಿ ಇಟ್ಟ ಮೇಲೆಯೇ ಹಬ್ಬ ಹೊಸಿಲು ದಾಟಿ ಮನೆಯೊಳಗೆ ಬರುವುದು. ಈಚಿನ ವರ್ಷಗಳಲ್ಲಿ ಅದೇ ರಂಗೋಲಿ, ಅದೇ ಹಣತೆ, ಅದೇ ಮಾವಿನ ತೋರಣ ಮೊಬೈಲಿನ ಪರದೆಯ ಮೇಲೂ ಕಾಣಿಸಿಕೊಳ್ಳುತ್ತಿವೆ. ಅವುಗಳಲ್ಲಿ ಬಹುಪಾಲು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಸಿದ್ಧಚಿತ್ರಗಳು. ಆದರೆ ಬೆರಳಿನಿಂದಲೇ ಪರದೆಯ ಮೇಲೆ ಸಂಕ್ರಾಂತಿಗೆ ಕಬ್ಬಿನ ಜಲ್ಲೆ, ಯುಗಾದಿಗೆ ಬೇವಿನ ಎಸಳು, ರಂಜಾನಿಗೆ ಎಳೆಚಂದ್ರ, ಕ್ರಿಸ್‌ಮಸ್‌ಗೆ ನಕ್ಷತ್ರದೀಪ ಬರೆಯುವವರೂ ಇದ್ದಾರೆ. ಯಾಕೆ ಬರೆಯುತ್ತೀರಿ ಎಂದರೆ ಅವರು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ: ಮನಸ್ಸು ಹಗುರಾಗುತ್ತದೆ.

ಇದನ್ನು ಹೊಸ ಕಾಲದ ಹವ್ಯಾಸ ಎಂದು ತಳ್ಳಿಹಾಕುವುದು ಸುಲಭ. ಆದರೆ ಗಣಕಯಂತ್ರದ ಪರದೆಗೂ ನಮ್ಮ ಅಂಗಳಕ್ಕೂ ಇರುವ ನಂಟು ಕಾಣುವುದಕ್ಕಿಂತ ಹತ್ತಿರದ್ದು. ಎರಡರ ಮೂಲದಲ್ಲೂ ಇರುವುದು ಚುಕ್ಕಿ.

ಹಬ್ಬದ ಚಿತ್ರದ ಬಗ್ಗೆ ನಮ್ಮ ನಾಡಿನ ಹಳೆಯ ಬರಹಗಳಲ್ಲಿ ಒಂದು ಅರಮನೆಯಿಂದಲೇ ಬಂದಿದೆ. ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ಗ್ರಂಥವನ್ನು ರಚಿಸಿದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಐದು ಭಾಗ, ಒಂದೊಂದರಲ್ಲಿ 20ರಂತೆ 100 ಅಧ್ಯಾಯ. ಆನೆ ಹಿಡಿಯುವುದರಿಂದ ಹಿಡಿದು ಅಡುಗೆ, ಸಂಗೀತ, ಆಟೋಟದವರೆಗೆ ಅದರಲ್ಲಿ ಇಲ್ಲದ ವಿಷಯ ಕಡಿಮೆ. ಚಿತ್ರದ ಬಗೆಗಳನ್ನು ಹೇಳುವಾಗ ಸೋಮೇಶ್ವರ ಧೂಳಿಚಿತ್ರವನ್ನೂ ಒಂದು ಬಗೆಯೆಂದು ಎಣಿಸುತ್ತಾನೆ. ಬಣ್ಣದ ಪುಡಿಯಿಂದ ನೆಲದ ಮೇಲೆ ಬರೆಯುವ ಚಿತ್ರ ಅದು. ಇಂದಿನ ರಂಗೋಲಿಯ ಹಿರಿಯಕ್ಕ. ಚಿತ್ರಕಲೆಯ ಮಾತು ಆ ಗ್ರಂಥದಲ್ಲಿ ಬರುವುದು ಅರಸನ ಉಪಭೋಗಗಳ ನಡುವೆ ಎಂಬುದನ್ನು ಗಮನಿಸಬೇಕು. ಚಿತ್ರ ದೊರೆಗೆ ಸುಖದ ಸಂಗತಿ. ಗ್ರಂಥದ ಹೆಸರೇ ಮನಸ್ಸಿನ ಉಲ್ಲಾಸ.

ಶಿವನಿಯ ಸುತ್ತಲಿನವರು ಇದೇ ಬಗೆಯ ವಿನ್ಯಾಸವನ್ನು ಕಲ್ಲಿನಲ್ಲೂ ನೋಡಬಹುದು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅದರ ತೆರೆದ ಮಂಟಪದಲ್ಲಿ ನಿಂತು ತಲೆ ಎತ್ತಿದರೆ ಕಾಣುವ ಭುವನೇಶ್ವರಿಗಳಲ್ಲಿ ನಡುವಿನ ಮೊಗ್ಗಿನಿಂದ ಹೊರಟ ಸುತ್ತುಗಳು ಒಂದರ ಹೊರಗೊಂದು ಹರಡಿಕೊಂಡಿವೆ. ಒಂದು ಮಗ್ಗುಲಲ್ಲಿ ಇದ್ದದ್ದೇ ಇನ್ನೊಂದು ಮಗ್ಗುಲಲ್ಲಿ. ಕಲ್ಲುಕುಟಿಗನಿಗೂ ರಂಗೋಲಿ ಇಡುವವಳಿಗೂ ಕೈಹಿಡಿದು ನಡೆಸಿದ ಲೆಕ್ಕ ಒಂದೇ ಎನ್ನಿಸುತ್ತದೆ. ಆದರೆ ಕಲ್ಲಿನ ಕೆಲಸ 800 ವರ್ಷ ಉಳಿದಿದೆ, ಅಂಗಳದ್ದು ಮಧ್ಯಾಹ್ನದವರೆಗೂ ಉಳಿಯುವುದಿಲ್ಲ. ಹೀಗಾಗಿಯೇ ಒಂದರ ಚರಿತ್ರೆ ಸಿಗುತ್ತದೆ, ಇನ್ನೊಂದರದು ಸಿಗುವುದಿಲ್ಲ.

127 ಚುಕ್ಕಿಯ ಲೆಕ್ಕ

ಚುಕ್ಕಿ ರಂಗೋಲಿಯಲ್ಲಿ ಎರಡು ಕ್ರಮ. ಚುಕ್ಕಿಯ ಕೆಳಗೆ ಚುಕ್ಕಿ ಬರುವಂತೆ ಇಡುವುದು ಒಂದು. ಮೇಲಿನ ಎರಡು ಚುಕ್ಕಿಗಳ ಸಂದಿಗೆ ಕೆಳಗಿನದು ಬರುವಂತೆ ಇಡುವುದು ಇನ್ನೊಂದು. ವಾರಪತ್ರಿಕೆಗಳಲ್ಲಿ ರಂಗೋಲಿ ಅಚ್ಚಾಗುತ್ತಿದ್ದಾಗ ಅದರ ಅಡಿಯಲ್ಲಿ '13ರಿಂದ 7' ಎಂದಷ್ಟೇ ಇರುತ್ತಿತ್ತು. ಬಲ್ಲವರಿಗೆ ಅಷ್ಟು ಸಾಕು. ನಡುವೆ 13 ಚುಕ್ಕಿಯ ಸಾಲು, ಅದರ ಮೇಲೂ ಕೆಳಗೂ ಒಂದೊಂದು ಕಡಿಮೆಯಾಗುತ್ತ 7ರವರೆಗೆ. ಒಟ್ಟು 13 ಸಾಲು, 127 ಚುಕ್ಕಿ. ಕೂಡಿಸಿ ನೋಡಿದರೆ ಗೊತ್ತಾಗುತ್ತದೆ, ಇದು ಸರಿಯಾದ ಷಟ್ಕೋನ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಅಜ್ಜಿಯರು ಈ ಷಟ್ಕೋನವನ್ನು ಅಳತೆಪಟ್ಟಿಯಿಲ್ಲದೆ, ಬೆರಳ ಸಂದಿಯಿಂದ ಪುಡಿ ಉದುರಿಸುತ್ತ, ನಸುಕಿನ ಮಬ್ಬಿನಲ್ಲಿ ಇಟ್ಟು ಹೋಗಿದ್ದಾರೆ. ಒಂದು ಚುಕ್ಕಿ ತಪ್ಪಿದರೆ ಕೊನೆಯಲ್ಲಿ ಎಳೆ ಕೂಡುವುದಿಲ್ಲ. ಎಲ್ಲಿ ತಪ್ಪಿತೆಂದು ಹುಡುಕುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ.

ಇಂದಿನ ಮೊಬೈಲಿನ ಪರದೆಯೂ ಚುಕ್ಕಿಗಳದೇ ಹಾಸು. ಪಿಕ್ಸೆಲ್ ಎಂದು ಕರೆಯುವ ಆ ಚುಕ್ಕಿಗಳು ಲಕ್ಷಗಟ್ಟಲೆ ಇದ್ದು, ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣವು ಎಂಬುದಷ್ಟೇ ವ್ಯತ್ಯಾಸ.

ಈ ನಂಟನ್ನು ಮೊದಲಿಗೆ ಗಂಭೀರವಾಗಿ ತೆಗೆದುಕೊಂಡವರಲ್ಲಿ ಮದರಾಸಿನ ಪ್ರಾಧ್ಯಾಪಕರೇ ಮುಂದು. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ಜೊತೆಗೆ ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್, 1974ರಲ್ಲಿ ಕೋಲದ ಬಗ್ಗೆ, ಎಂದರೆ ತಮಿಳರ ರಂಗೋಲಿಯ ಬಗ್ಗೆ, ಒಂದು ಪ್ರಬಂಧ ಪ್ರಕಟಿಸಿದರು. ಅದು ಬಂದದ್ದು ಜಾನಪದದ ಪತ್ರಿಕೆಯಲ್ಲಿ ಅಲ್ಲ, ಗಣಕಚಿತ್ರಗಳಿಗೆ ಮೀಸಲಾದ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ. ಭಾಷೆಗೆ ವ್ಯಾಕರಣ ಇರುವಂತೆ ಕೋಲಕ್ಕೂ ವ್ಯಾಕರಣ ಉಂಟು. ಕೆಲವೇ ತುಣುಕುಗಳು, ಅವುಗಳನ್ನು ಜೋಡಿಸುವ ಕೆಲವೇ ನಿಯಮಗಳು ಇದ್ದರೆ ಎಷ್ಟು ದೊಡ್ಡ ಚಿತ್ರವನ್ನಾದರೂ ಬೆಳೆಸುತ್ತ ಹೋಗಬಹುದು ಎಂಬುದು ಅದರ ತಿರುಳು. ಮುಂದೆ 1980ರ ದಶಕದಲ್ಲಿ ಗಿಡಗಳ ಬೆಳವಣಿಗೆಯನ್ನು ಗಣಕದಲ್ಲಿ ಚಿತ್ರಿಸುವ ವಿಧಾನ ಹುಡುಕುತ್ತಿದ್ದ ಕೆನಡಾದ ಸಂಶೋಧಕರು ಕೂಡ ಉದಾಹರಣೆಗೆ ಇದೇ ಕೋಲಗಳ ಮೊರೆಹೋದರು. ಅಂಗಳ ಗುಡಿಸುವ ಹೆಂಗಸಿನ ಕೈಚಳಕ ಹೀಗೆ ವಿಶ್ವವಿದ್ಯಾಲಯದ ಕರಿಹಲಗೆ ಏರಿತು. ಏರಿಸಿದವರ ಹೆಸರು ದಾಖಲೆಯಲ್ಲಿದೆ, ಕೋಲ ಇಟ್ಟವರ ಹೆಸರು ಎಂದಿನಂತೆ ಇಲ್ಲ.

ಅಷ್ಟರಲ್ಲಿ ಅಮೆರಿಕದಲ್ಲಿ ಗಣಕದ ಪರದೆಯ ಮೇಲೆ ಗೆರೆ ಎಳೆಯುವ ಕೆಲಸ ಶುರುವಾಗಿತ್ತು. ಎಂ.ಐ.ಟಿ.ಯ ವಿದ್ಯಾರ್ಥಿ ಐವನ್ ಸದರ್‌ಲೆಂಡ್ 1963ರಲ್ಲಿ 'ಸ್ಕೆಚ್‌ಪ್ಯಾಡ್' ಎಂಬ ವ್ಯವಸ್ಥೆ ರೂಪಿಸಿದ. ಬೆಳಕಿನ ಲೇಖನಿಯನ್ನು ಪರದೆಗೆ ತಾಗಿಸಿ ಅದರಲ್ಲಿ ಬರೆಯಬಹುದಿತ್ತು. ಒಂದು ಷಟ್ಕೋನ ಬರೆದರೆ ಅದನ್ನೇ ಬೇಕಾದಷ್ಟು ಬಾರಿ ಪಕ್ಕಪಕ್ಕಕ್ಕೆ ಇಡಬಹುದಿತ್ತು. ಯಂತ್ರ ಕೋಣೆಯಷ್ಟು ದೊಡ್ಡದು. ಅದು ಮೇಜಿನ ಮೇಲಕ್ಕೆ ಇಳಿದು ಸಾಮಾನ್ಯರ ಕೈಗೆ ಬರಲು ಇನ್ನೂ 20 ವರ್ಷ ಬೇಕಾಯಿತು. 1984ರಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಷ್ ಜೊತೆ ಬಿಲ್ ಅಟ್ಕಿನ್ಸನ್ ಬರೆದ 'ಮ್ಯಾಕ್‌ಪೇಂಟ್' ಬಂತು. ಆ ಗಣಕದ ಪುಟ್ಟ ಪುಟ್ಟ ಸಂಕೇತಚಿತ್ರಗಳನ್ನು ರಚಿಸಿದ ಸೂಸನ್ ಕೇರ್ ಎಂಬಾಕೆ ಮೊದಮೊದಲು ಬಳಸಿದ್ದು ಚೌಕುಳಿ ಗೆರೆಯ ನೋಟ್‌ಬುಕ್ಕನ್ನು. ಒಂದೊಂದು ಚೌಕ ತುಂಬುತ್ತ ಹೋಗುವ ಆ ಕೆಲಸವನ್ನು ಆಕೆ ಕಸೂತಿಗೆ ಹೋಲಿಸಿದ್ದುಂಟು. ಧಾರವಾಡದ ಕಡೆಯ ಹೆಂಗಸರು ಎಳೆ ಎಣಿಸಿ ಇಳಕಲ್ ಸೀರೆಯ ಮೇಲೆ ಗೋಪುರ, ತೇರು ತೆಗೆಯುವುದನ್ನು ಕಂಡವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಹೆಚ್ಚಿನವರ ಮೊದಲ ಪರದೆಚಿತ್ರ ಮೂಡಿದ್ದು ಮೈಕ್ರೊಸಾಫ್ಟ್‌ನ 'ಪೇಂಟ್'ನಲ್ಲಿ. 1985ರಲ್ಲಿ ವಿಂಡೋಸ್‌ನ ಮೊದಲ ಆವೃತ್ತಿಯ ಜೊತೆಗೇ ಬಂದ ಈ ಸರಳ ಸಾಧನವನ್ನು ಕೈಬಿಡುವ ಸೂಚನೆ 2017ರ ಜುಲೈನಲ್ಲಿ ಹೊರಬಿದ್ದಾಗ ಲೋಕದ ನಾನಾ ಕಡೆಯಿಂದ ಹಳಹಳಿಕೆ ಕೇಳಿಬಂತು, ಕಂಪನಿ ಹಿಂದೆಗೆಯಬೇಕಾಯಿತು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇಲಿ ಹಿಡಿದು ಸೊಟ್ಟ ಮನೆ, ಸೊಟ್ಟ ಸೂರ್ಯ ಬರೆದ ಪೀಳಿಗೆಯ ಮಮತೆ ಅದು.

ಹಬ್ಬದ ಬುಟ್ಟಿ

ಚಿತ್ರ ಬರೆದರೆ ಮನಸ್ಸು ಹಗುರಾಗುವುದು ನಿಜವೇ? ಅಂಗಳದ ಮಟ್ಟಿಗೆ ಈ ಪ್ರಶ್ನೆಗೆ ನೇರ ಉತ್ತರ ಕೊಡುವುದು ಕಷ್ಟ.

ಶಿವನಿಯಿಂದ ತರೀಕೆರೆ ದಾಟಿ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳ ಕಡೆ ಹೋದರೆ ದೀವರ ಮನೆಗಳಲ್ಲಿ ಹಸೆಚಿತ್ತಾರ ಸಿಗುತ್ತದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ. ಕುಂಚ ಪುಂಡಿನಾರಿನದು. ಮದುವೆಯ ಮನೆಯ ಗೋಡೆಯಲ್ಲಿ ಮದುಮಕ್ಕಳು, ದಂಡಿಗೆ, ಹಕ್ಕಿ, ಬಳ್ಳಿ ಎಲ್ಲವೂ ಗೆರೆಗಳ ಲೆಕ್ಕದಲ್ಲಿ ಮೂಡುತ್ತವೆ. ಆಶ್ವೀಜದ ಹುಣ್ಣಿಮೆಯಂದು ಬರುವ ಭೂಮಿ ಹುಣ್ಣಿಮೆಗೆ ಇದೇ ಚಿತ್ತಾರ ಗೋಡೆಯಿಂದ ಬುಟ್ಟಿಗೆ ಇಳಿಯುತ್ತದೆ. ಬಿದಿರಿನ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅದರ ಮೈತುಂಬ ಬಿಳಿಯ ಎಳೆ ಬರೆಯುತ್ತಾರೆ. ಭೂಮಣ್ಣಿ ಬುಟ್ಟಿ ಎಂದು ಅದರ ಹೆಸರು. ತೆನೆ ಹೊಡೆಯುವ ಪೈರನ್ನು ಬಸುರಿಯೆಂದು ಭಾವಿಸಿ, ಬಯಕೆಯ ಅಡುಗೆ ಮಾಡಿ, ಈ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಒಯ್ಯುವುದು ಹಬ್ಬದ ಕ್ರಮ.

ಬುಟ್ಟಿಗೆ ಚಿತ್ತಾರ ಬರೆಯುವುದು ಒಂದು ಗಳಿಗೆಯಲ್ಲಿ ಮುಗಿಯುವ ಕೆಲಸವಲ್ಲ. ಎಳೆ ಒಂದರ ಪಕ್ಕ ಇನ್ನೊಂದು ಒಂದೇ ಅಂತರದಲ್ಲಿ ಬರಬೇಕು. ಬರೆಯುವವರು ಹಾಡು ಹೇಳುತ್ತ, ಮಾತಾಡುತ್ತ ಬರೆಯುತ್ತಾರೆ; ಕೈ ತನ್ನಷ್ಟಕ್ಕೆ ಸಾಗುತ್ತದೆ. ಇದರಲ್ಲಿ ನೆಮ್ಮದಿ ಇದೆ ಎಂಬುದಕ್ಕೆ ಪ್ರಯೋಗಶಾಲೆಯ ಸಾಕ್ಷಿ ಬೇಕಿಲ್ಲ.

ಹಾಗೆಂದು ಹಳೆಯದನ್ನೆಲ್ಲ ಬಂಗಾರದ ಬಣ್ಣದಲ್ಲಿ ನೋಡುವುದೂ ಸರಿಯಲ್ಲ. ಸೋಮೇಶ್ವರನಿಗೆ ಚಿತ್ರ ಉಪಭೋಗವಾಗಿತ್ತು. ಅಂಗಳದವಳಿಗೆ ಅದು ದಿನದ ಮೊದಲ ದುಡಿಮೆ. ಕೋಳಿ ಕೂಗುವಾಗ ಎದ್ದು, ಕಸ ಗುಡಿಸಿ, ಸಗಣಿನೀರು ಹಾಕಿ, ಬೆನ್ನು ಬಗ್ಗಿಸಿ ಇಡಬೇಕು. ಇಡದ ಸೊಸೆಯ ಬಗ್ಗೆ ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಇಡಬೇಕೆಂಬ ಆಸೆ ಇದ್ದರೂ ಇಡಲಾಗದವರ ಪಾಡು ಇನ್ನೂ ಬೇರೆ. ಗಂಡನನ್ನು ಕಳೆದುಕೊಂಡವಳ ಕೈಯಿಂದ ಹಬ್ಬದ ರಂಗೋಲಿ ಇಡಿಸದ ಮನೆಗಳು ಬಹಳ ಇದ್ದವು. ಈಗ ಒಂದೂ ಇಲ್ಲ ಎನ್ನುವ ಧೈರ್ಯ ಯಾರಿಗೂ ಇರಲಾರದು. ಮುಟ್ಟಿನ ಮೂರು ದಿನ ಇಡುವಂತಿಲ್ಲ, ಸೂತಕದ ಮನೆಯ ಮುಂದೆ ಇಡುವಂತಿಲ್ಲ. ನಲವತ್ತು ವರ್ಷ ರಂಗೋಲಿ ಇಟ್ಟ ಕೈಗೆ ಒಂದು ಸಾವಿನ ಮರುದಿನದಿಂದ ಚುಕ್ಕಿ ನಿಷಿದ್ಧವಾಗುತ್ತಿತ್ತು ಎಂದರೆ, ಆ ಕೈ ಕಳೆದುಕೊಳ್ಳುತ್ತಿದ್ದುದು ಎಷ್ಟೆಂದು ಊಹಿಸಬಹುದು.

ಪರದೆಗೆ ಈ ಮಡಿ ಗೊತ್ತಿಲ್ಲ. ಯಾವ ದಿನ, ಯಾರ ಬೆರಳು ಎಂದು ಅದು ಕೇಳುವುದಿಲ್ಲ. ಬೆನ್ನು ಬಗ್ಗಿಸಬೇಕಿಲ್ಲ, ನೆರೆಮನೆಯ ರಂಗೋಲಿಗಿಂತ ದೊಡ್ಡದಾಗಬೇಕಿಲ್ಲ. ಬರೆಯಲೇಬೇಕೆಂಬ ಒತ್ತಾಯವೂ ಇಲ್ಲದಿರುವುದರಿಂದ, ಊಟ ಮುಗಿದ ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ದೀಪಾವಳಿಯ ಹಣತೆ ಬರೆಯುವವಳಿಗೆ ಅದು ಮೊದಲ ಬಾರಿಗೆ ಸೋಮೇಶ್ವರನ ಅರ್ಥದಲ್ಲಿ ಉಲ್ಲಾಸದ ಸಂಗತಿಯಾಗುತ್ತದೆ.

ಹಗುರಾಗುವುದು ಹೇಗೆ

ಮನಸ್ಸು ಹಗುರಾಗುವುದರ ಬಗ್ಗೆ ಕೆಲವು ಪ್ರಯೋಗಗಳು ನಡೆದಿವೆ. 2005ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಕರಿ ಮತ್ತು ಕ್ಯಾಸರ್, 84 ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ತಮ್ಮ ಬಾಳಿನ ಭಯದ ಪ್ರಸಂಗವೊಂದನ್ನು ನೆನೆದು ಬರೆಯಲು ಹೇಳಿದರು. ಆಮೇಲೆ 20 ನಿಮಿಷ ಬಣ್ಣ ತುಂಬುವ ಕೆಲಸ. ಕೆಲವರಿಗೆ ಮಂಡಲದ ಚಿತ್ರ, ಕೆಲವರಿಗೆ ಚೌಕುಳಿ ವಿನ್ಯಾಸ, ಉಳಿದವರಿಗೆ ಬರೀ ಖಾಲಿ ಹಾಳೆ. ಮಂಡಲಕ್ಕೋ ಚೌಕುಳಿಗೋ ಬಣ್ಣ ತುಂಬಿದವರ ಕಳವಳ, ಖಾಲಿ ಹಾಳೆ ಸಿಕ್ಕವರಿಗಿಂತ ಹೆಚ್ಚು ಇಳಿದಿತ್ತು. ಇದು ಸಣ್ಣ ಪ್ರಯೋಗ, ಇದರಿಂದಲೇ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ಚುಕ್ಕಿ ಇಟ್ಟು ಬೆಳೆದವರಿಗೆ ಇದರಲ್ಲಿ ಒಂದು ಗುರುತು ಹತ್ತುತ್ತದೆ. ಏನು ಬೇಕಾದರೂ ಬರೆ ಎಂಬ ಸ್ವಾತಂತ್ರ್ಯಕ್ಕಿಂತ, ಮುಂದಿನ ಎಳೆ ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತಿರುವ ಕೆಲಸ ದಣಿದ ಮನಸ್ಸಿಗೆ ಹಿತ.

2016ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಜೊತೆಗಾರರು 39 ಮಂದಿಗೆ 45 ನಿಮಿಷ ಜೇಡಿಮಣ್ಣು, ಬಣ್ಣದ ಲೇಖನಿ, ಕಾಗದದ ಚೂರುಗಳನ್ನು ಕೊಟ್ಟು ಬೇಕಾದ್ದನ್ನು ಮಾಡಲು ಬಿಟ್ಟರು. ಒತ್ತಡದ ಹೊತ್ತಿನಲ್ಲಿ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸದ ಪ್ರಮಾಣವನ್ನು ಮೊದಲೂ ಆಮೇಲೂ ಅಳೆದಾಗ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು. ಮೊದಲು ಚಿತ್ರ ಬರೆದು ಅಭ್ಯಾಸವಿತ್ತೋ ಇಲ್ಲವೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಚಿತ್ರ ಚೆನ್ನಾಗಿ ಬರಬೇಕಾದ ಅಗತ್ಯವೇ ಇಲ್ಲ ಎಂದಾಯಿತು. ಆದರೆ ಆ ಪ್ರಯೋಗದಲ್ಲಿ ಇದ್ದದ್ದು ಮಣ್ಣು, ಕಾಗದ. ಅದೇ ಮಾತನ್ನು ಗಾಜಿನ ಪರದೆಗೂ ಹಾಗೆಯೇ ಅನ್ವಯಿಸುವ ಮುನ್ನ ಸ್ವಲ್ಪ ತಡೆಯಬೇಕು.

ಯಾಕೆಂದರೆ ಪರದೆ ನೆರವು ಕೊಡುವುದರಲ್ಲಿ ಅತಿ ಉದಾರಿ. ಮೊಬೈಲಿನಲ್ಲಿ ಬಹಳ ಮಂದಿ ಬಳಸುವ 'ಐಬಿಸ್ ಪೇಂಟ್'ನಂಥ ಸಾಧನಗಳಲ್ಲಿ ಎಂಟು ದಳದ ಹೂವಿಗೆ ಒಂದು ದಳ ಬರೆದರೆ ಉಳಿದ ಏಳನ್ನು ಯಂತ್ರವೇ ಹಾಕಿಕೊಡುತ್ತದೆ. ತಪ್ಪಿದರೆ ಒಂದು ಒತ್ತಿಗೆ ತಪ್ಪು ಮಾಯ. ಒಳ್ಳೆಯದೇ. ಆದರೆ ಬುಟ್ಟಿಯ ಚಿತ್ತಾರದಲ್ಲಿ ನೆಮ್ಮದಿ ಹುಟ್ಟುತ್ತಿದ್ದುದು ಆ ಉಳಿದ ಏಳು ದಳಗಳನ್ನು ಬರೆಯುವ ಹೊತ್ತಿನಲ್ಲಿ ಅಲ್ಲವೇ? 2022ರಿಂದೀಚೆಗೆ ಜನರ ಕೈಗೆ ಬಂದಿರುವ ಹೊಸ ಯಂತ್ರಗಳಿಗೆ ಒಂದು ಸಾಲು ಬರೆದುಕೊಟ್ಟರೆ ತೋರಣ, ದೀಪ, ಲಕ್ಷ್ಮಿ ಸಮೇತ ಹಬ್ಬದ ಚಿತ್ರವೇ ಸಿದ್ಧವಾಗಿ ಬರುತ್ತದೆ. ಚಿತ್ರ ಸಿಗುತ್ತದೆ; ಬರೆಯುವ ಹೊತ್ತು ಸಿಗುವುದಿಲ್ಲ.

ಸಿದ್ಧಚಿತ್ರದ ಸೆಳೆತ ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬಾತ ಕಾಗದ ಬರೆಯಲು ಪುರುಸೊತ್ತಿಲ್ಲದೆ ಕ್ರಿಸ್‌ಮಸ್ ಶುಭಾಶಯದ ಕಾರ್ಡನ್ನು ಅಚ್ಚು ಹಾಕಿಸಿದ್ದು 1843ರಲ್ಲಿ. ನಮ್ಮ ಕಡೆ ಹಬ್ಬದ ದೇವರು ಮನೆಮನೆಯ ಗೋಡೆಗೆ ಬಂದದ್ದು ಕ್ಯಾಲೆಂಡರಿನ ಮೂಲಕ, ಕಲಬುರ್ಗಿಯ ಎಸ್.ಎಂ. ಪಂಡಿತ್ (1916-1993) ಬರೆದ ದೇವತೆಗಳ ಮುಖವೇ ದೇವತೆಗಳ ಮುಖವೆಂದು ನಂಬಿದ ಮನೆಗಳು ದೇಶದ ಉದ್ದಗಲಕ್ಕೂ ಇದ್ದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರಜಾಲ ಅಗ್ಗವಾದ ಮೇಲೆ ಈ ಅಚ್ಚಿನ ಚಿತ್ರಗಳ ಜಾಗಕ್ಕೆ ಮೊಬೈಲಿನ ಶುಭಾಶಯಗಳು ಪ್ರವಾಹದಂತೆ ನುಗ್ಗಿದವು. ಬೆಳಗಿನ ವಂದನೆಯ, ಹಬ್ಬದ ಹಾರೈಕೆಯ ಚಿತ್ರಗಳಿಂದ ಭಾರತೀಯರ ಫೋನುಗಳು ಉಸಿರುಗಟ್ಟುತ್ತಿವೆ ಎಂದು ಅಮೆರಿಕದ ಪತ್ರಿಕೆಯೊಂದು 2018ರ ಜನವರಿಯಲ್ಲಿ ವರದಿ ಮಾಡಿತ್ತು. ಅವನ್ನು ಹುಡುಕಿ ಅಳಿಸುವುದಕ್ಕೆಂದೇ ಗೂಗಲ್ ಒಂದು ಸಾಧನ ಹೊರತರಬೇಕಾಯಿತು. ರಂಗೋಲಿಯನ್ನು ತುಳಿದು ಅಳಿಸಲು ಬೀದಿಯ ಜನ, ದನ ಸಾಕಾಗುತ್ತಿತ್ತು.

ಇದೇ ಮೊಬೈಲನ್ನು ಬೇರೆ ರೀತಿ ಬಳಸಿದವರೂ ಇದ್ದಾರೆ. ಇಂಗ್ಲೆಂಡಿನ ಹೆಸರಾಂತ ಕಲಾವಿದ ಡೇವಿಡ್ ಹಾಕ್ನಿ 70 ದಾಟಿದ ಮೇಲೆ, 2009ರ ಸುಮಾರಿಗೆ, ಬೆಳಗ್ಗೆ ಎದ್ದು ಹಾಸಿಗೆಯಲ್ಲೇ ಕುಳಿತು ಫೋನಿನ ಪರದೆಯ ಮೇಲೆ ಬೆರಳಿನಿಂದ ಹೂಗಳನ್ನು ಬರೆದು ಗೆಳೆಯರಿಗೆ ಕಳಿಸುತ್ತಿದ್ದ. ಅದೂ ಬೆಳಗಿನ ವಂದನೆಯ ಚಿತ್ರವೇ. ಬೇರೆ ಯಾರೋ ಮಾಡಿದ್ದನ್ನು ಮುಂದೆ ತಳ್ಳದೆ, ಆ ದಿನದ ಹೂವನ್ನು ಆ ದಿನವೇ ಬರೆದ ಎಂಬಷ್ಟೇ ಅಂತರ. ನಮ್ಮ ಅಂಗಳದಲ್ಲಿ ಇದನ್ನು ಯಾರೂ ದೊಡ್ಡ ಸುದ್ದಿ ಮಾಡಿರಲಿಲ್ಲ. ದಿನದ ಹೂವನ್ನು ದಿನವೂ ಬರೆಯುತ್ತಿದ್ದರು.

ಶಿವನಿಯಂಥ ಊರಿನ ಮನೆಯೊಂದರಲ್ಲಿ ಈ ಹವ್ಯಾಸ ಬೇರೂರಬೇಕಾದರೆ ದೊಡ್ಡ ಖರ್ಚೇನೂ ಇಲ್ಲ. ಪುಕ್ಕಟೆ ಸಿಗುವ ಸಾಧನಗಳಲ್ಲಿ ಚೌಕುಳಿ ಹಾಸು ಇರುತ್ತದೆ. ಅದರ ಮೇಲೆ 13ರಿಂದ 7 ಚುಕ್ಕಿ ಇಟ್ಟುಕೊಂಡು, ಯಂತ್ರದ ನೆರವನ್ನು ಮುಚ್ಚಿಟ್ಟು, ಎಳೆ ಎಳೆಯುತ್ತ ಹೋಗಬಹುದು. ಅಡ್ಡಿ ಬೇರೆಡೆ ಇದೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಫೋನ್ ಇದೆ ಎಂದ ಹೆಂಗಸರು ದೇಶದಲ್ಲಿ 100ಕ್ಕೆ ಸುಮಾರು 54. ಸಾದಾ ಫೋನು, ಬೆರಳಿನಿಂದ ಬರೆಯುವ ಫೋನು ಎಲ್ಲ ಸೇರಿ ಈ ಲೆಕ್ಕ. ಹಲವು ಮನೆಗಳಲ್ಲಿ ಪರದೆಯ ಫೋನು ಗಂಡನದೋ ಮಗನದೋ ಆಗಿರುತ್ತದೆ. ಅವರು ಮನೆಗೆ ಬಂದು ಊಟಕ್ಕೆ ಕೂತಾಗ ಅದು ಅಡುಗೆಮನೆಯವರ ಕೈಗೆ ಬರುತ್ತದೆ, ಹೊರಡುವಾಗ ಹೋಗುತ್ತದೆ. ಅಂಗಳದ ರಂಗೋಲಿಯನ್ನು ಅರ್ಧಕ್ಕೆ ಬಿಟ್ಟು ಏಳುವಂತಿರಲಿಲ್ಲ. ಪರದೆಯ ಮೇಲಿನದು ಬಿಟ್ಟ ಎಳೆಯಲ್ಲೇ ಕಾದಿರುತ್ತದೆ, ಫೋನು ಮತ್ತೆ ಕೈಗೆ ಬರುವವರೆಗೆ.